ಅಲಮೇಲು ಆಂಟಿ ಮಾತ್ರೆ

ಅಮೆರಿಕದ ಷಾರ್ಲೆಟ್ ಊರಿನಲ್ಲಿ ಹದಿನಾಲ್ಕು ಸಾವಿರ ಹೆಂಗಸರ ಮುಟ್ಟನ್ನು ಅಲಮೇಲು ಒಂದು ಕಿರುಬೆರಳು ಎತ್ತಿ ನಿಲ್ಲಿಸಿದ್ದಳು. ಲೆಕ್ಕ ಅವಳದೇ. "ಈ ವಾರ ಬೇಡ, ಪೂಜೆ ಮುಗಿಯಲಿ, ಆಮೇಲೆ ಬಾ" ಎಂದು ಅವಳು ಒಂದು ಮಾತು ಹೇಳಿದರೆ ಸಾಕಂತೆ, ಬ್ಯಾಲೆಂಟೈನ್‌ನಿಂದ ಹಿಡಿದು ಕಾನ್‌ಕಾರ್ಡ್‌ವರೆಗಿನ ಸಮಸ್ತ ಗರ್ಭಕೋಶಗಳೂ ಕೈಕಟ್ಟಿಕೊಂಡು "ಅಪ್ಪಣೆ ತಾಯಿ" ಎಂದು ಹೊಸ್ತಿಲ ಆಚೆಯೇ ನಿಲ್ಲುತ್ತಿದ್ದವಂತೆ. ಆಕಾಶದ ಚಂದ್ರ ಕೂಡ ಹುಣ್ಣಿಮೆಗೆ ಮೊದಲು ಅವಳ ಅಡುಗೆಮನೆ ಕಿಟಕಿಯಲ್ಲಿ ಇಣುಕಿ, "ಆಂಟಿ, ತುಂಬಲೋ, ತಡೀಲೋ?" ಎಂದು ಕೇಳಿಕೊಂಡು ಹೋಗುತ್ತಿದ್ದನಂತೆ.

"ಹೋದ ತಿಂಗಳು ಹನ್ನೆರಡು ಸಾವಿರ ಅಂದಿದ್ದೆ" ಎಂದು ಅವಳ ಗಂಡ ವೇಣುಗೋಪಾಲ ಕಾಫಿ ಲೋಟದ ಹಿಂದಿನಿಂದ ಹೇಳುತ್ತಿದ್ದ. "ನಮ್ಮ ಬ್ಯಾಂಕಿನ ಶೇರೂ ಇಷ್ಟು ಬೇಗ ಏರಲ್ಲ ಕಣೇ."

"ನಿಮಗೇನು ಗೊತ್ತು ಹೆಂಗಸರ ವಿಷಯ? ಸುಮ್ನೆ ಕಾಫಿ ಕುಡೀರಿ."

ಅವನು ಸುಮ್ಮನೆ ಕಾಫಿ ಕುಡಿಯುತ್ತಿದ್ದ. ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ಮನೆಗೆ ಬಂದ ಮೇಲೆ ತಪ್ಪು ಹುಡುಕುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಹದಿನಾಲ್ಕು ಸಾವಿರ ಸುಳ್ಳಿರಬಹುದು, ಮಾತ್ರೆ ಸುಳ್ಳಲ್ಲ. ಅದರ ಕತೆ ಶುರುವಾದದ್ದು ಮೈಯುರಿಯಿಂದ. ಮೈಸೂರಿನ ಸರಸ್ವತಿಪುರಂ ಬಿಟ್ಟು ಬಂದು ಷಾರ್ಲೆಟ್‌ನಲ್ಲಿ ಕಾಲು ಶತಮಾನ ಬಾಳಿದ ಅಲಮೇಲುವಿಗೆ ಐವತ್ತೆರಡರ ಹೊತ್ತಿಗೆ ತಿಂಗಳ ರಗಳೆ ನಿಂತಿತು, ಉರಿ ಹತ್ತಿಕೊಂಡಿತು. ಅದು ಎಂಥ ಉರಿ! ಅವಳ ನೆತ್ತಿಯ ಮೇಲೆ ಹಪ್ಪಳ ಇಟ್ಟಿದ್ದರೆ ಎರಡೂ ಕಡೆ ಹದವಾಗಿ ಸುಡುತ್ತಿತ್ತು. ಜನವರಿಯ ಚಳಿಯಲ್ಲಿ ಫ್ರೀಜರ್ ಬಾಗಿಲು ತೆಗೆದು ಬಟಾಣಿ ಪ್ಯಾಕೆಟ್ಟುಗಳ ನಡುವೆ ತಲೆ ಇಟ್ಟುಕೊಂಡು ನಿಲ್ಲುತ್ತಿದ್ದಳು. ಮನೆಯ ಹೀಟರನ್ನು ಅವಳು ಆರಿಸಿ ಆರಿಸಿ, ವೇಣುಗೋಪಾಲ ಮಂಕಿ ಕ್ಯಾಪ್ ಹಾಕಿಕೊಂಡು ಮೀಟಿಂಗ್ ಮಾಡುತ್ತಿದ್ದ.

ಕಡೆಗೆ ಡಾಕ್ಟರ್ ರೇನಾಲ್ಡ್ಸ್ ಎನ್ನುವ ಹೆಂಗಸರ ಡಾಕ್ಟರಮ್ಮ ಎರಡು ಔಷಧಿ ಬರೆದುಕೊಟ್ಟರು. ಒಂದು, ಹೊಟ್ಟೆಯ ಮೇಲೆ ಅಂಟಿಸಿಕೊಳ್ಳುವ ಈಸ್ಟ್ರೊಜೆನ್ ಪ್ಯಾಚು. ಇನ್ನೊಂದು, ದಿನಾ ರಾತ್ರಿ ನುಂಗಬೇಕಾದ ಚಿಕ್ಕ ಬಿಳಿ ಮಾತ್ರೆ. ನೊರೆಥಿಂಡ್ರೋನ್ ಎಂದು ಹೆಸರು. ಮೈಯಲ್ಲಿ ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಮಾಡುವ ಕೆಲಸವನ್ನೇ ಮಾಡಲಿ ಎಂದು ಲ್ಯಾಬಿನಲ್ಲಿ ತಯಾರಿಸಿದ ಮಾತ್ರೆ ಅದು.

"ಪ್ಯಾಚ್ ಅಂದರೆ ಗೊಬ್ಬರ ಅಂದ್ಕೊಳ್ಳಿ" ಎಂದು ಡಾಕ್ಟರ್ ಬಿಡಿಸಿ ಹೇಳಿದ್ದರು. "ಉರಿ ಕಡಿಮೆ ಮಾಡುತ್ತೆ, ಆದರೆ ಗರ್ಭಕೋಶದ ಒಳಪದರವನ್ನ ಹುಲ್ಲಿನ ಹಾಗೆ ಬೆಳೆಸುತ್ತೆ. ಮಾತ್ರೆ ಅಂದರೆ ಹುಲ್ಲು ಕತ್ತರಿಸೋ ಮೆಷಿನ್ನು. ಗೊಬ್ಬರ ಹಾಕ್ತಾ ಹೋಗಿ, ಹುಲ್ಲು ಕತ್ತರಿಸದೇ ಬಿಟ್ಟರೆ ಏನಾಗುತ್ತೆ?"

"ಬಡಾವಣೆ ಅಸೋಸಿಯೇಷನ್‌ನೋರು ನೋಟೀಸ್ ಕಳಿಸ್ತಾರೆ" ಎಂದ ವೇಣುಗೋಪಾಲ.

ಡಾಕ್ಟರ್ ನಕ್ಕರು. "ಇಲ್ಲಿ ನೋಟೀಸು ಬರೋದು ಕ್ಯಾನ್ಸರ್ ರೂಪದಲ್ಲಿ. ಅದಕ್ಕೇ ಗರ್ಭಕೋಶ ಇರೋರಿಗೆ ಬರೀ ಪ್ಯಾಚ್ ಕೊಡಲ್ಲ. ಎರಡೂ ಒಟ್ಟಿಗೆ, ಯಾವಾಗಲೂ."

ಅಲಮೇಲುವಿಗೆ ಅರ್ಥವಾಗಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಚೆನ್ನಾಗಿಯೇ ಅರ್ಥವಾಗಿತ್ತು.

ಪ್ಯಾಚು ಪವಾಡ ಮಾಡಿತು. ಉರಿ ಹೋಯಿತು, ನಿದ್ದೆ ಬಂತು, ವೇಣುಗೋಪಾಲನ ಟೋಪಿ ಪೆಟ್ಟಿಗೆ ಸೇರಿತು. ಮಾತ್ರೆ ಮಾತ್ರ ಒಂದು ವಾರಕ್ಕೇ ಅವಳಿಗೆ ಬೇಜಾರು ಹಿಡಿಸಿತು. ಹೊಟ್ಟೆ ಉಬ್ಬರ, ತೂಕಡಿಕೆ, ಟೀವಿಯಲ್ಲಿ ನಾಯಿ ಬಿಸ್ಕತ್ತಿನ ಜಾಹೀರಾತು ಬಂದರೂ ಅಳು. ಉರಿ ಇಳಿಸಿದ್ದು ಪ್ಯಾಚು ತಾನೆ, ಈ ಮಾತ್ರೆ ಏನು ಕಡಿದು ಕಟ್ಟೆ ಹಾಕಿತು ಎಂದು ಅವಳು ಬಾಟಲಿಯನ್ನು ಟೂತ್‌ಪೇಸ್ಟಿನ ಹಿಂದಕ್ಕೆ ತಳ್ಳಿದಳು. ಮುಂದಿನ ಸೋಮವಾರದಿಂದ ಮತ್ತೆ ಶುರು ಮಾಡೋಣ ಎಂದುಕೊಂಡಳು. ಆ ಸೋಮವಾರಕ್ಕೆ ಮೊದಲೇ ಶೈಲಜಾ ಬಂದಳು.

ಶೈಲಜಾ ಬೆಂಗಳೂರಿನ ಹುಡುಗಿ. ಗಡಿ ದಾಟಿ ದಕ್ಷಿಣ ಕ್ಯಾರೊಲೈನಾದ ಫೋರ್ಟ್ ಮಿಲ್‌ನಲ್ಲಿ ಹೊಸ ಮನೆ ಕೊಂಡಿದ್ದಳು. ಕಣ್ಣು ಮೂಗು ಕೆಂಪಗೆ ಮಾಡಿಕೊಂಡು ಬಂದು ಸೋಫಾದ ತುದಿಯಲ್ಲಿ ಕೂತಳು.

"ಆಂಟಿ, ಶುಕ್ರವಾರ ಗೃಹಪ್ರವೇಶ. ನನ್ನ ಡೇಟ್ ಕರೆಕ್ಟಾಗಿ ಅವತ್ತೇ. ಪುರೋಹಿತರನ್ನ ಕೇಳಿದ್ರೆ ಇದು ಬಿಟ್ರೆ ಶ್ರಾವಣಕ್ಕೇ ಮುಹೂರ್ತ ಅಂತಾರೆ. ಅತ್ತೆ ಮಾವ ಬೆಂಗಳೂರಿಂದ ಬಂದು ಕೂತಿದಾರೆ. ಅಮ್ಮ ಕಳಿಸಿದ್ದ ಪೋಸ್ಟ್‌ಪೋನ್ ಟ್ಯಾಬ್ಲೆಟ್ ಎಕ್ಸ್‌ಪೈರ್ ಆಗಿದೆ. ಇಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಕೇಳಿದ್ರೆ ಮುಂದಿನ ತಿಂಗಳು ಅಂತಿದಾರೆ. ಕಳಶ ಹಿಡಿಯೋರು ಯಾರು ಆಂಟಿ? ನಮ್ಮನೆ ಗೃಹಪ್ರವೇಶಕ್ಕೆ ನಾನು ಗ್ಯಾರೇಜಲ್ಲಿ ಕೂತ್ಕೊಳ್ಳಾ?"

ಮೈಸೂರಿನಲ್ಲಾದರೆ ಇದೊಂದು ಸಮಸ್ಯೆಯೇ ಅಲ್ಲ. ಮೆಡಿಕಲ್ ಷಾಪಿನವನು "ಹಬ್ಬಾನಾ, ಮದುವೆನಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಾತ್ರೆಯ ಹಾಳೆ ಕತ್ತರಿಸಿ ಪೊಟ್ಟಣ ಕಟ್ಟುತ್ತಾನೆ. ಅಲಮೇಲುವಿನ ಅಣ್ಣನ ಮಗ ಅವಿನಾಶ್ ಅಂಥದೇ ಒಂದು ಅಂಗಡಿ ಇಟ್ಟಿದ್ದ. ಅವಳು ಅಲ್ಲೇ ಅವನಿಗೆ ವೀಡಿಯೋ ಕಾಲ್ ಮಾಡಿ, ಟೂತ್‌ಪೇಸ್ಟಿನ ಹಿಂದಿನ ಬಾಟಲಿ ತಂದು ಫೋನಿಗೆ ತೋರಿಸಿದಳು.

"ಇದು ನಮ್ಮ ನೊರೆಥಿಸ್ಟರೋನೇ ಅತ್ತೆ. ಅಮೆರಿಕದಲ್ಲಿ ಹೆಸರು ಬೇರೆ ಇಟ್ಕೊಂಡಿದಾರೆ ಅಷ್ಟೆ" ಎಂದ ಅವಿನಾಶ್. "ಯಾಕತ್ತೆ, ನಿಮಗೆ ಈ ವಯಸ್ಸಲ್ಲಿ?"

"ವಯಸ್ಸಿನ ಮಾತು ನಿನಗ್ಯಾಕೋ? ಫೋನಿಡು."

ಶುಕ್ರವಾರ ಫೋರ್ಟ್ ಮಿಲ್‌ನಲ್ಲಿ ಶೈಲಜಾ ಜರಿ ಸೀರೆ ಉಟ್ಟು, ಕಳಶ ಹಿಡಿದು, ಬಲಗಾಲಿಟ್ಟು ಒಳಗೆ ಬಂದಳು. ಅಲಮೇಲುವನ್ನು ಹೋಮಕುಂಡದ ಪಕ್ಕದಲ್ಲೇ ಕೂರಿಸಿದರು. ಮೊದಲ ಅರಿಸಿನ ಕುಂಕುಮ ಅವಳಿಗೆ, ಮೊದಲ ತಾಂಬೂಲ ಅವಳಿಗೆ. ಶೈಲಜಾಳ ಅತ್ತೆ ಅವಳ ಕೈ ಹಿಡಿದುಕೊಂಡು "ನೀವು ನಮ್ಮ ಮಾನ ಕಾಪಾಡಿದ್ರಿ" ಎಂದರು.

ಆ ಮಾತು ಅಲಮೇಲುವಿನ ನೆತ್ತಿಗೇರಿತು. ಏರದೆ ಏನು? ಹಿಂದಿನ ಯುಗಾದಿಯಲ್ಲಿ ಕನ್ನಡ ಕೂಟದವರು ಅವಳನ್ನು ಹಿರಿಯರ ಮೇಜಿಗೆ ವರ್ಗ ಮಾಡಿದ್ದರು. ಬಾಗಿಲ ಹತ್ತಿರ, ಕಿವಿಯ ಮೆಷಿನ್ನು ಆರಿಸಿಕೊಂಡು ಹೋಳಿಗೆ ತಿನ್ನುವ ಮಹಾದೇವಕ್ಕನ ಪಕ್ಕಕ್ಕೆ. ಹಾಡು ಹೇಳಿ ಎನ್ನುವವರಿಲ್ಲ, ಪುಳಿಯೋಗರೆ ಗೊಜ್ಜಿನ ಅಳತೆ ಕೇಳುವವರಿಲ್ಲ. ಎಲ್ಲರೂ ಯೂಟ್ಯೂಬ್ ನೋಡಿಕೊಳ್ಳುತ್ತಿದ್ದರು. ಒಬ್ಬಳೇ ಮಗಳು ಅಕ್ಷಯಾ ರಾಲಿ ನಗರದಲ್ಲಿ ಸರ್ಕಾರಿ ಕಚೇರಿಯ ಕೆಲಸ ಹಿಡಿದು, ಭಾನುವಾರ ಫೋನು ಮಾಡಿ "ಊಟ ಆಯ್ತಾ ಅಮ್ಮ" ಎಂದು ಕೇಳಿ ಇಡುತ್ತಿದ್ದಳು. ಹಾಗಿದ್ದವಳ ಫೋನು ಈಗ ಬಡಿದುಕೊಳ್ಳತೊಡಗಿತು. ಆಂಟಿ, ವರಮಹಾಲಕ್ಷ್ಮಿಗೆ. ಆಂಟಿ, ಸತ್ಯನಾರಾಯಣ ಪೂಜೆಗೆ. ಆಂಟಿ, ಅಟ್ಲಾಂಟಾದಲ್ಲಿ ನಮ್ಮ ತಂಗಿಯ ಸೀಮಂತ, ಆರತಿ ಎತ್ತೋದು ನಾನೇ.

ಅಲಮೇಲು ಮಾತ್ರೆಯನ್ನು ಹಾಗೇ ಕೈಗೆ ಕೊಡುವ ಪೈಕಿಯಲ್ಲ. ಬೆಳ್ಳಿಯ ಕುಂಕುಮ ಭರಣಿಯಲ್ಲಿ ಹಾಕಿ, ದೇವರ ಮುಂದಿಟ್ಟು, ಒಂದು ಸುತ್ತು ಮಂಗಳಾರತಿ ಮಾಡಿ, "ಊಟ ಆದ್ಮೇಲೆ ನುಂಗು, ಯಾರಿಗೂ ಹೇಳಬೇಡ" ಎಂದು ಕೊಡುತ್ತಿದ್ದಳು. ಆಮೇಲೆ ತಾನೇ ಎಲ್ಲರಿಗೂ ಹೇಳುತ್ತಿದ್ದಳು. ಒಬ್ಬ ಮದುಮಗಳ ಮುಟ್ಟು ಇಂಡಿಪೆಂಡೆನ್ಸ್ ಬುಲೆವಾರ್ಡ್‌ವರೆಗೆ ಬಂದುಬಿಟ್ಟಿತ್ತಂತೆ, ಇವಳ ಮಾತ್ರೆ ಕಂಡದ್ದೇ ಸಿಗ್ನಲ್ಲನ್ನೂ ನೋಡದೆ ಯೂ-ಟರ್ನ್ ಹೊಡೆಯಿತಂತೆ. ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಹಿರಿಯರ ಮೇಜಿನಿಂದ ಅವಳು ಯಾವಾಗ ಎದ್ದು ಬಂದಳೋ ಯಾರೂ ಗಮನಿಸಲಿಲ್ಲ.

ಒಬ್ಬಳು ಮಾತ್ರ ಬೇಡವೆಂದಿದ್ದಳು: ದಾವಣಗೆರೆ ಕಡೆಯ ಗಂಗಾಂಬಿಕಾ. ಬಸವ ಜಯಂತಿ ಪೂಜೆಗೆ ಮೊದಲು ಅಲಮೇಲು ತಾನಾಗಿಯೇ ಹೋಗಿ ಕೊಡಲು ನೋಡಿದಾಗ, "ಬ್ಯಾಡ್ರಿ ಆಂಟಿ, ನಿಮ್ಮ ಗುಳಿಗಿ ನಿಮಗ ಇರ್ಲಿ" ಎಂದುಬಿಟ್ಟಿದ್ದಳು. ಅಲಮೇಲು ಮೂತಿ ತಿರುವಿಕೊಂಡು ಬಂದಿದ್ದಳು.

ಔಷಧಿ ಅಂಗಡಿಯಿಂದ ಮೆಸೇಜು ಬಂದಾಗಲೆಲ್ಲ ಅವಳು ತಪ್ಪದೆ ಹೋಗಿ ಹೊಸ ಬಾಟಲಿ ತರುತ್ತಿದ್ದಳು. ಬಾಟಲಿ ತಪ್ಪದೆ ಖಾಲಿಯಾಗುತ್ತಿತ್ತು. ಪ್ಯಾಚನ್ನು ಮಾತ್ರ ಅವಳು ಯಾರಿಗೂ ಕೊಡಲಿಲ್ಲ. ಹೀಗೆ ಎರಡು ವರ್ಷಕ್ಕೂ ಮಿಕ್ಕಿ ಅವಳ ಒಳಗೆ ಗೊಬ್ಬರ ಬೀಳುತ್ತಲೇ ಇತ್ತು, ಹುಲ್ಲು ಕತ್ತರಿಸುವ ಮೆಷಿನ್ನು ಊರೆಲ್ಲ ಸುತ್ತುತ್ತಿತ್ತು.

ಮೊನ್ನೆಯ ಮಾರ್ಚಿನ ಒಂದು ಬೆಳಿಗ್ಗೆ ದೇವರ ಮನೆಯಲ್ಲಿ ದೀಪ ಹಚ್ಚಿ ಆರತಿ ತಟ್ಟೆ ಎತ್ತಿಕೊಳ್ಳುವಾಗ ಅವಳಿಗೆ ಒದ್ದೆಯೆನಿಸಿತು. ಬಚ್ಚಲಿಗೆ ಹೋಗಿ ನೋಡಿದರೆ ರಕ್ತ. ಹಳೆಯ ಪರಿಚಿತ ಬಣ್ಣ. ನಿಂತು ವರ್ಷಗಳಾದ ಮೇಲೆ ಬರಬಾರದ ಬಣ್ಣ.

ಆಗ ಅವಳಿಗೆ ಡಾಕ್ಟರ್ ನೆನಪಾಗಬೇಕಿತ್ತು. ನೆನಪಾದದ್ದು ದೇವರ ಮನೆ. ಈ ಮೈಯಲ್ಲೇ ವಿಗ್ರಹ ಮುಟ್ಟಿದೆನಲ್ಲ, ನೈವೇದ್ಯ ಇಟ್ಟೆನಲ್ಲ ಎಂದು ಬಚ್ಚಲ ಗೋಡೆಗೆ ಒರಗಿ ನಿಂತಳು. ಹೊರಗೆ ಬಂದು, "ರೀ, ನನಗೆ ಮಂಡಿ ನೋವು, ನಾಳೆಯಿಂದ ದೀಪ ನೀವೇ ಹಚ್ಚಿ" ಎಂದಳು. ವೇಣುಗೋಪಾಲ ತಕರಾರಿಲ್ಲದೆ ಹಚ್ಚಿದ, ಆಲಿವ್ ಎಣ್ಣೆ ಹಾಕಿ. ಮಂಡಿ ನೋವು ಹಾಗೇ ಎರಡು ತಿಂಗಳು ಮುಂದುವರಿಯಿತು. ರಕ್ತ ಬರುವುದು, ನಿಲ್ಲುವುದು, ಮತ್ತೆ ಬರುವುದು. ಊರ ಹೆಂಗಸರ ಮುಟ್ಟು ನಿಲ್ಲಿಸಿದವಳು ತನ್ನದು ಬಂತೆಂದು ಯಾವ ಬಾಯಲ್ಲಿ ಹೇಳುವುದು?

ಕಡೆಗೆ ವೇಣುಗೋಪಾಲನೇ ಬಟ್ಟೆ ಒಗೆಯುವಾಗ ಕಲೆ ನೋಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಸ್ಕ್ಯಾನ್ ಆಯಿತು, ಒಳಪದರದ ಚೂರು ತೆಗೆದು ಲ್ಯಾಬಿಗೆ ಕಳಿಸಿದ್ದಾಯಿತು. ವರದಿ ಬಂದ ದಿನ ಡಾಕ್ಟರ್ ರೇನಾಲ್ಡ್ಸ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಕ್ಯಾನ್ಸರ್ ಅಲ್ಲ. ಆದರೆ ಪದರ ತುಂಬ ದಪ್ಪ ಬೆಳೆದಿದೆ. ಹೀಗೇ ಬಿಟ್ಟರೆ ಆ ದಾರಿ ಹಿಡಿಯಬಹುದು. ಪ್ಯಾಚ್ ಇವತ್ತೇ ನಿಲ್ಲಿಸಿ. ಈಗ ಒಂದು ವಿಷಯ ಹೇಳಿ, ಆ ಬಿಳಿ ಮಾತ್ರೆ ದಿನಾ ರಾತ್ರಿ ತಗೋತಿದೀರಾ?"

ಅಲಮೇಲುವಿನ ಬಾಯಿ ಅವಳಿಗಿಂತ ಮುಂಚೆ ಓಡಿತು. "ಡಾಕ್ಟರ್, ಸೂರ್ಯ ಒಂದು ದಿನ ಹುಟ್ಟೋದು ಮರೀಬಹುದು, ನಾನು ಮಾತ್ರೆ ಮರೆಯಲ್ಲ."

"ಬಾಟಲಿ ಟೈಮಿಗೆ ಸರಿಯಾಗಿ ಖಾಲಿಯಾಗುತ್ತೆ, ನಾನೇ ನೋಡಿದೀನಿ" ಎಂದು ವೇಣುಗೋಪಾಲ ತಲೆಯಾಡಿಸಿದ. ಡಾಕ್ಟರ್ ಕಂಪ್ಯೂಟರ್ ನೋಡಿದರು. ಔಷಧಿ ಅಂಗಡಿಯ ಲೆಕ್ಕದಲ್ಲಿ ಒಂದು ಸಲವೂ ತಡವಿಲ್ಲ. ಕಂಪ್ಯೂಟರೂ ಅವಳ ಪರವಾಗಿಯೇ ಸಾಕ್ಷಿ ಹೇಳಿತು.

"ನನ್ನ ಎಲ್ಲ ಪೇಷೆಂಟುಗಳೂ ನಿಮ್ಮ ಹಾಗಿದ್ದರೆ!" ಎಂದರು ಡಾಕ್ಟರ್. ಆಮೇಲೆ ನಿಟ್ಟುಸಿರು ಬಿಟ್ಟರು. "ಆದರೆ ಅದೇ ನನಗೆ ಚಿಂತೆ. ಮಾತ್ರೆ ತಗೊಳ್ಳದವರಿಗೆ ಹೀಗಾಗಿದ್ದರೆ, ಅದೇ ಜಾತಿಯ ಔಷಧಿಯನ್ನ ಜೋರಾಗಿ ಕೊಡ್ತಿದ್ದೆ, ಇಲ್ಲಾ ಗರ್ಭಕೋಶದೊಳಗೇ ಅದನ್ನ ಬಿಡೋ ಒಂದು ಚಿಕ್ಕ ಸಾಧನ ಇಡ್ತಿದ್ದೆ. ಸಾಮಾನ್ಯವಾಗಿ ಕರಗುತ್ತೆ. ನೀವು ದಿನಾ ತಗೊಂಡೂ ಹೀಗೆ ಬೆಳೆದಿದೆ ಅಂದರೆ ನಿಮ್ಮ ಮೈಗೆ ಆ ಔಷಧಿ ಹತ್ತುತ್ತಿಲ್ಲ ಅಂತ ಅರ್ಥ. ಗರ್ಭಕೋಶ ತೆಗೆಯೋದೇ ಕ್ಷೇಮ. ನಿಮ್ಮ ಶ್ವಾಸಕೋಶದ್ದೇ ಭಯ. ಅರಿವಳಿಕೆ ಕೊಡುವಾಗ ತುಂಬ ಎಚ್ಚರಿಕೆ ಬೇಕು."

ಶ್ವಾಸಕೋಶದ ಮಾತು ನಿಜ. ಕೊರೊನಾದ ಮೊದಲ ಚಳಿಗಾಲದಲ್ಲಿ ಅಲಮೇಲು ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದಳು. "ಕೊರೊನಾನೇ ನನ್ನ ನೋಡಿ ಮಾಸ್ಕ್ ಹಾಕ್ಕೊಂಡಿತು" ಎಂದು ಆಮೇಲೆ ಹೇಳಿಕೊಂಡು ತಿರುಗಿದಳು, ನಿಜ. ಆದರೆ ಇಂದಿಗೂ ಮಹಡಿ ಹತ್ತಿದರೆ ಅರ್ಧದಲ್ಲಿ ಕೂರಬೇಕು.

ಆಗಲೇ ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. ಆದರೆ ಡಾಕ್ಟರ ಆ ಹೊಗಳಿಕೆ ಇನ್ನೂ ಕೋಣೆಯಲ್ಲಿ ಅಗರಬತ್ತಿಯ ಹೊಗೆಯ ಹಾಗೆ ತೇಲುತ್ತಿತ್ತು, ಪಕ್ಕದಲ್ಲಿ ವೇಣುಗೋಪಾಲ ಅವಳ ಪರವಾಗಿ ಹೆಮ್ಮೆಯಿಂದ ಕೂತಿದ್ದ. ತೆರೆದ ಬಾಯಲ್ಲಿ ಅವಳು "ಗುರುವಾರ ಆಗಬಹುದಾ ಡಾಕ್ಟರ್, ಒಳ್ಳೇ ದಿನ" ಎಂದಳು. ಮುಂದಿನ ಗುರುವಾರಕ್ಕೆ ಆಪರೇಷನ್ ಗೊತ್ತಾಯಿತು.

ಅಲ್ಲಿಂದ ಗುರುವಾರದವರೆಗೆ ಅವಳು ಹೇಳಬೇಕೆಂದು ಹೊರಟ ಸಲಗಳೆಷ್ಟೋ. ವೇಣುಗೋಪಾಲ ಪಾತ್ರೆ ತೊಳೆಯುವಾಗ ಹಿಂದೆ ಹೋಗಿ ನಿಂತು, ಹಾಲು ಮುಗಿದಿದೆ ಎಂದು ಹೇಳಿ ವಾಪಸು ಬರುತ್ತಿದ್ದಳು. ಉತ್ಪ್ರೇಕ್ಷೆಗೆ ಒಗ್ಗಿದ ನಾಲಗೆಗೆ ಇದ್ದದ್ದನ್ನು ಇದ್ದಷ್ಟೇ ಹೇಳುವುದು ಕಲ್ಲು ಎತ್ತಿದ ಹಾಗೆ.

ಮಂಗಳವಾರ ಅಕ್ಷಯಾ ರಾಲಿಯಿಂದ ಕಾರು ಓಡಿಸಿಕೊಂಡು ಬಂದಳು. ಅವಳು ಬಂದ ಹಿಂದೆಯೇ ಅಡುಗೆ ಬರಲು ಶುರುವಾಯಿತು. ಆಪರೇಷನ್ ಆಗುವವರ ಮನೆಗೆ ಸರದಿಯಲ್ಲಿ ಊಟ ಮುಟ್ಟಿಸುವ ಪದ್ಧತಿ ಇಲ್ಲಿನ ಕನ್ನಡದವರಲ್ಲೂ ಇದೆ. ಯಾವ ದಿನ ಯಾರ ಸರದಿ ಎಂದು ಶೈಲಜಾ ವಾಟ್ಸಾಪಿನಲ್ಲಿ ಹೆಸರು ಬರೆಸಿಕೊಂಡಿದ್ದಳು. ಮೊದಲ ಡಬ್ಬಿ ಅವಳದೇ, ಬಿಸಿಬೇಳೆ ಬಾತು. ಅವಳ ಬೆನ್ನಿಗೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಗಂಗಾಂಬಿಕಾ.

ಅಲಮೇಲು ಸೋಫಾದ ಮೇಲೆ ಶಾಲು ಹೊದ್ದು, ಅಳಿದುಳಿದ ಗತ್ತಿನಲ್ಲಿ ಕೂತಿದ್ದಳು. "ಆಪರೇಷನ್ನಾ? ಅದೇನು ಮಹಾ. ಬೆಳಿಗ್ಗೆ ಹೋಗಿ, ಮಧ್ಯಾಹ್ನ ಬಂದು ಅನ್ನಕ್ಕಿಡ್ತೀನಿ. ಡಾಕ್ಟರೇ ನನ್ನ ಕೈ ಹಿಡಿದು, ಅಮ್ಮಾ ನನಗೆ ಧೈರ್ಯ ಹೇಳಿ ಅಂದ್ರು."

"ಅಮ್ಮ, ಯೂ ಆರ್ ಟೂ ಮಚ್" ಎಂದು ಅಕ್ಷಯಾ ಡಬ್ಬಿಗಳನ್ನು ಫ್ರಿಜ್ಜಿಗೆ ಸೇರಿಸುತ್ತಿದ್ದಳು.

ಶೈಲಜಾ ಮಾತ್ರ ನಗಲಿಲ್ಲ. ಅವಳ ಕಣ್ಣು ತುಂಬಿಬಂದಿತ್ತು. "ಅಕ್ಷಯಾ, ನಿಮ್ಮಮ್ಮ ದೇವರು ಕಣಮ್ಮ. ನಮ್ಮನೆ ಗೃಹಪ್ರವೇಶ, ನಮ್ಮ ನಾದಿನಿ ಮದುವೆ, ಎರಡಕ್ಕೂ ಇವರ ಟ್ಯಾಬ್ಲೆಟ್ಟೇ. ಇವರಿಗೆ ಹೀಗಾಗಬೇಕಾ?"

"ಯಾವ ಟ್ಯಾಬ್ಲೆಟ್ ಅಕ್ಕ?" ಎಂದಳು ಅಕ್ಷಯಾ.

"ಶೈಲೂ, ಬಾತ್ ಆರೋಗುತ್ತೆ, ಮುಚ್ಚಳ ಸರಿ ಮಾಡು" ಎಂದಳು ಅಲಮೇಲು.

"ಮುಚ್ಚಿದೀನಿ ಆಂಟಿ. ಅದೇ ಅಕ್ಷಯಾ, ಪಿರಿಯಡ್ಸ್ ಪೋಸ್ಟ್‌ಪೋನ್ ಮಾಡೋದು. ಇವರಿಗೆ ಡಾಕ್ಟರ್ ಕೊಡ್ತಾರಲ್ಲ, ಬಾಟಲಿಯಲ್ಲಿ. ಯಾರು ಕೇಳಿದ್ರೂ ಇಲ್ಲ ಅಂದಿಲ್ಲ. ಹೋದ ಗೌರಿ ಹಬ್ಬಕ್ಕೆ ನನಗೆ ಪೂರ್ತಿ ಬಾಟಲಿನೇ ಕೊಟ್ಟು, ನೀನೇ ಹಂಚು ಅಂದ್ರು."

ಅಕ್ಷಯಾಳ ಕೈಯಲ್ಲಿದ್ದ ಡಬ್ಬಿ ಫ್ರಿಜ್ಜಿನ ಬಾಗಿಲಲ್ಲೇ ನಿಂತಿತು.

ಗಂಗಾಂಬಿಕಾ ರೊಟ್ಟಿಯ ಬಟ್ಟೆ ಬಿಚ್ಚುತ್ತ, "ನಾ ಅಂತೂ ತಗೊಂಡಿಲ್ರಿ ಮತ್ತ" ಎಂದಳು. "ಕೊರಳಾಗ ಲಿಂಗ ಕಟ್ಕೊಂಡಾಕಿಗೆ ಎಲ್ಲೀ ಮೈಲಿಗಿ ಅಂತಿದ್ಲು ನಮ್ಮವ್ವ. ಬಂದ್ರ ಬರ್ಲಿ, ಮುಖ ತೊಳ್ಕೊಂಡು ದೀಪ ಹಚ್ಚು ನಡಿ ಅಂತಿದ್ಲು. ನಾವು ಹಂಗ ಬೆಳದೀವ್ರಿ. ಹಿಂಗಾಗಿ ನಮಗ ಗುಳಿಗಿ ಖರ್ಚೇ ಇಲ್ಲ."

ಬಂದರೆ ಬರಲಿ, ದೀಪ ಹಚ್ಚು ನಡಿ. ಎಷ್ಟು ಸಣ್ಣ ಮಾತು ಎನಿಸಿತು ಅಲಮೇಲುವಿಗೆ. ಸೋಫಾದ ತುದಿಯಲ್ಲಿ ಅಳುತ್ತ ಕೂತಿದ್ದ ಶೈಲಜಾಗೆ ಅವತ್ತು ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಹಿರಿಯಳು ಹೇಳಿದಳು ಎಂದು ಅವಳ ಅತ್ತೆಯೂ ಒಪ್ಪುತ್ತಿದ್ದಳೇನೋ. ಆ ಮಾತಿಗೆ ಡಾಕ್ಟರ ಚೀಟಿ ಬೇಕಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

ಇಬ್ಬರೂ ಹೋದ ಮೇಲೆ ಅಕ್ಷಯಾ ಬಾಗಿಲು ಹಾಕಿ ಬಂದು ತಾಯಿಯ ಎದುರು ನೆಲದ ಮೇಲೆ ಕೂತಳು.

"ಅಮ್ಮ. ಅದು ನಿನ್ನ ಮಾತ್ರೆನಾ?"

"ಎಕ್ಸ್‌ಟ್ರಾ ಇತ್ತು ಕಣೇ. ಒಂದೋ ಎರಡೋ."

"ಎಕ್ಸ್‌ಟ್ರಾ ಯಾರು ಕೊಡ್ತಾರೆ? ಈ ಇನ್ಶೂರೆನ್ಸ್‌ನೋರು ಒಂದು ಬ್ಯಾಂಡೇಡ್ ಎಕ್ಸ್‌ಟ್ರಾ ಕೊಡಲ್ಲ. ಟೆಲ್ ಮಿ ದ ಟ್ರೂತ್. ನೀನು ತಗೋತಿದ್ಯಾ, ಇಲ್ವಾ?"

"ತಗೋತಿದ್ದೆ. ಮೊದಮೊದಲು."

"ಮೊದಮೊದಲು ಅಂದ್ರೆ?"

ಅಲಮೇಲು ಶಾಲಿನ ಅಂಚನ್ನು ಸುತ್ತಿದಳು, ಬಿಚ್ಚಿದಳು. "ಒಂದು ವಾರ."

ಊಟದ ಮೇಜಿನ ಹತ್ತಿರ ನಿಂತಿದ್ದ ವೇಣುಗೋಪಾಲ ಕುರ್ಚಿ ಎಳೆದುಕೊಂಡು ಕೂತ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅವನು ಎಷ್ಟೋ ಸಲ ತಮಾಷೆಗೆ ಅಂದದ್ದುಂಟು. ಈಗ ಅನ್ನಲಿಲ್ಲ. "ನಾನು ಡಾಕ್ಟರ ಮುಂದೆ ತಲೆಯಾಡಿಸಿದೆನಲ್ಲೇ" ಎಂದ. "ನಾನೇ ನೋಡಿದೀನಿ ಅಂದೆ. ನನ್ನ ಮಾತು ನಂಬಿ ಅವರು ನಿನ್ನ ಹೊಟ್ಟೆ ಕೊಯ್ಯೋಕೆ ಹೊರಟಿದಾರೆ. ನಾಳಿದ್ದು ಆ ಟೇಬಲ್ ಮೇಲೆ ನಿನಗೆ ಉಸಿರು ಸಿಕ್ಕಿಕೊಂಡರೆ?"

"ಹೇಳೋಣ ಅಂತಲೇ ಇದ್ದೆ ರೀ."

"ಯಾವಾಗ? ಕತ್ತರಿ ಹಿಡ್ಕೊಂಡ ಮೇಲಾ?"

ಅಕ್ಷಯಾ ಆಗಲೇ ಫೋನು ಕೈಗೆತ್ತಿಕೊಂಡಿದ್ದಳು. ಆಸ್ಪತ್ರೆಯವರು ಡಾಕ್ಟರೇ ವಾಪಸು ಮಾಡುತ್ತಾರೆ ಎಂದರು. ಸಂಜೆ, ಇನ್ನೂ ಬಿಸಿಲಿರುವಾಗಲೇ, ಫೋನು ಬಂತು. ಅಕ್ಷಯಾ ಅದನ್ನು ಸ್ಪೀಕರಿಗೆ ಹಾಕಿ, ರೊಟ್ಟಿಯ ಗಂಟಿನ ಪಕ್ಕದಲ್ಲಿಟ್ಟು, ತಾಯಿಯ ಕಡೆ ತಳ್ಳಿದಳು.

"ಏನೋ ಹೇಳಬೇಕು ಅಂದಿರಂತೆ" ಎಂದಿತು ಡಾಕ್ಟರ್ ರೇನಾಲ್ಡ್ಸ್ ದನಿ.

ಅಲಮೇಲುವಿನ ತಲೆಯಲ್ಲಿ ಒಂದು ಭವ್ಯವಾದ ಕತೆ ತಾನೇ ತಾನಾಗಿ ಎದ್ದು ನಿಂತಿತು. "ಡಾಕ್ಟರ್, ಆವತ್ತು ಹೆಲೀನ್ ಚಂಡಮಾರುತ ಬಂದಿತ್ತಲ್ಲ, ಆವಾಗ ಬಾತ್‌ರೂಮ್ ಕಿಟಕಿಯಿಂದ ಗಾಳಿ ನುಗ್ಗಿ ಬಾಟಲಿ..."

"ಅಮ್ಮ" ಎಂದಳು ಅಕ್ಷಯಾ. ಅಷ್ಟೇ.

ಗಾಳಿ ಬಿದ್ದುಹೋಯಿತು. ಅಲಮೇಲು ಫೋನನ್ನು ನೋಡಿದಳು, ಗಂಡನನ್ನು ನೋಡಿದಳು. ವೇಣುಗೋಪಾಲ ಅವಳನ್ನು ನೋಡುತ್ತಿರಲಿಲ್ಲ.

"ಗಾಳಿ ಏನೂ ಮಾಡಲಿಲ್ಲ, ಡಾಕ್ಟರ್" ಎಂದಳು. "ಮಾತ್ರೆ ನಾನು ತಗೊಂಡಿಲ್ಲ. ಒಂದು ವಾರ ತಗೊಂಡು ಬಿಟ್ಟೆ. ಮಿಕ್ಕಿದ್ದೆಲ್ಲ ಹಂಚಿದೆ. ನಮ್ಮ ಹುಡುಗಿಯರಿಗೆ, ಪೂಜೆ ದಿನ ಮುಟ್ಟಾಗದೇ ಇರಲಿ ಅಂತ. ನನ್ನ ಗಂಡನಿಗೆ ಇದು ಗೊತ್ತಿರಲಿಲ್ಲ. ಅವರು ಸುಳ್ಳು ಹೇಳಲಿಲ್ಲ, ನಾನು ಹೇಳಿದ್ದು."

ಡಾಕ್ಟರ್ ನಿಧಾನವಾಗಿ ಮಾತಾಡಿದರು. ಗುರುವಾರದ ಆಪರೇಷನ್ ನಿಲ್ಲಿಸುತ್ತೇನೆ ಎಂದರು. ಮೊದಲು ಔಷಧಿಯಿಂದ ನೋಡೋಣ, ಕೆಲವು ತಿಂಗಳು ಬಿಟ್ಟು ಮತ್ತೆ ಚೂರು ತೆಗೆದು ಪರೀಕ್ಷೆ ಮಾಡೋಣ. ಕರಗಬಹುದು, ಕರಗದೆಯೂ ಇರಬಹುದು, ಮಾತು ಕೊಡಲಾರೆ. ರಕ್ತ ಕಂಡ ದಿನವೇ ಬಂದು ಇದನ್ನ ಹೇಳಿದ್ದರೆ ಇಷ್ಟು ಕಾಲ ಕಳೆದುಕೊಳ್ಳುತ್ತಿರಲಿಲ್ಲ. ಅವರ ದನಿಯಲ್ಲಿ ಬೈಗುಳವಿರಲಿಲ್ಲ. ಹೋದ ಸಲದ ಆ ಹೊಗಳಿಕೆಯೂ ಇರಲಿಲ್ಲ.

"ಇನ್ನೊಂದು ಕೇಳಬೇಕು" ಎಂದರು. "ನೀವು ಕೊಟ್ಟ ಆ ಹುಡುಗಿಯರು. ಎಲ್ಲರಿಗೂ ಆಗಿಬರೋ ಮಾತ್ರೆ ಅಲ್ಲ ಅದು. ಯಾರಿಗಾದರೂ ಕ್ಯಾನ್ಸರ್ ಆಗಿತ್ತಾ, ಲಿವರ್ ತೊಂದರೆ ಇತ್ತಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಬಸುರಿಯಾಗಿರಬಹುದಾ? ಕೊಡೋ ಮುಂಚೆ ಏನಾದರೂ ಕೇಳಿದ್ರಾ?"

ಶೈಲಜಾ, ಅವಳ ನಾದಿನಿ, ಅಟ್ಲಾಂಟಾದ ಯಾರದೋ ತಂಗಿಯ ಮನೆಯವರು, ಗೌರಿ ಹಬ್ಬಕ್ಕೆ ಬಂದ ಹೆಸರು ಗೊತ್ತಿಲ್ಲದ ಹುಡುಗಿಯರು. ಅಲಮೇಲು ಒಬ್ಬೊಬ್ಬರ ಮುಖವನ್ನೂ ನೆನಪಿಗೆ ತಂದುಕೊಳ್ಳಲು ನೋಡಿದಳು. ನೆನಪಿಗೆ ಬಂದದ್ದು ಅವರ ಸೀರೆಗಳು.

"ಇಲ್ಲ ಡಾಕ್ಟರ್" ಎಂದಳು. "ನಾನು ಕೇಳಿದ್ದು ಎರಡೇ. ಪೂಜೆ ಯಾವತ್ತು? ನನ್ನನ್ನೂ ಕರೀತೀರಿ ತಾನೆ?"